3200ಕ್ಕೆ ದುಡ್ಡು, 2133ರಲ್ಲಿ ಓಟ

ಉಪನಯನದಲ್ಲಿ ಮೊದಲ ಭಿಕ್ಷೆ ಹಾಕುವುದು ತಾಯಿ. ಫೋಟೋ ತೆಗೆಯುವವರಿಗೆಲ್ಲ ಗೊತ್ತು, ಆ ಒಂದು ಗಳಿಗೆ ತಪ್ಪಿದರೆ ಉಳಿದ ಎಂಟುನೂರು ಫೋಟೋ ಇದ್ದೂ ಇಲ್ಲದ ಹಾಗೆ. ಮೇ ತಿಂಗಳಲ್ಲಿ ಶಿರಸಿ ಹತ್ತಿರದ ಒಂದು ಮನೆಯಲ್ಲಿ ನಾನು ಅದನ್ನು ಸರಿಯಾಗಿಯೇ ಹಿಡಿದಿದ್ದೆ. ವಟುವಿನ ಪಾತ್ರೆಗೆ ಅಕ್ಕಿ ಬೀಳುತ್ತಿದೆ, ತಾಯಿಯ ಕಣ್ಣು ಮಗನ ಮೇಲಿದೆ. ಕ್ಯಾಮೆರಾದಲ್ಲೇ ಒಮ್ಮೆ ನೋಡಿ ಖುಷಿಪಟ್ಟಿದ್ದೆ. ಜೂನ್‌ನಲ್ಲಿ ಆಲ್ಬಮ್ ಮಾಡಲು ಕೂತು ಅದೇ ಫೋಟೋ ತೆರೆದರೆ ತಾಯಿಯ ಕುತ್ತಿಗೆವರೆಗೆ ಚಿತ್ರ ಇದೆ, ಅಲ್ಲಿಂದ ಕೆಳಗೆ ಪೂರ್ತಿ ಬೂದು. ಕೈ ಇಲ್ಲ, ಅಕ್ಕಿ ಇಲ್ಲ, ಮಾಣಿಯೂ ಇಲ್ಲ.

ಮೆಮೊರಿ ಕಾರ್ಡನ್ನು ಆಗಲೇ ಖಾಲಿ ಮಾಡಿ ಇನ್ನೆರಡು ಮದುವೆಗೆ ಬಳಸಿಯಾಗಿತ್ತು. ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ಇನ್ನೊಂದು ಪ್ರತಿ ಇತ್ತು. ಧೈರ್ಯದಿಂದ ಅದನ್ನು ತೆರೆದೆ. ಅಲ್ಲೂ ಅದೇ ಬೂದು. ಕಾರ್ಡ್ ಕೆಟ್ಟಿರಬೇಕು ಅಂದುಕೊಂಡೆ. ಆಮೇಲೆ ಕಾರ್ಡ್ ರೀಡರ್ ಮೇಲೆ ಅನುಮಾನ, ಆಮೇಲೆ ಕೇಬಲ್ ಮೇಲೆ. ಹೊಸ ಕೇಬಲ್ ಕೂಡ ತಂದೆ. ತಪ್ಪು ಯಾರದ್ದು ಅಂತ ಗೊತ್ತಾಗಲು ಇನ್ನೂ ಹತ್ತು ದಿನ ಬೇಕಾಯಿತು. ತಪ್ಪು ನನ್ನದೇ. ಏಪ್ರಿಲ್‌ನಲ್ಲಿ ಒಂದು ಸಂಜೆ ಬಯೋಸ್ (ಪಿಸಿಯ ಮೂಲ ಸೆಟ್ಟಿಂಗ್ ಎಲ್ಲ ಇರುವ ಜಾಗ) ಒಳಗೆ ಹೋಗಿ ಒಂದೇ ಒಂದು ಸೆಟ್ಟಿಂಗ್ ಬದಲಿಸಿದ್ದೆ, ಅದರ ಫಲ ಇದು.

ಆ ಸಂಜೆಯಿಂದಲೇ ಹೇಳುತ್ತೇನೆ.

ಮದುವೆ, ಉಪನಯನ, ಗೃಹಪ್ರವೇಶ, ಮಧ್ಯೆ ಮಧ್ಯೆ ಯಕ್ಷಗಾನ. ಇದು ನನ್ನ ಕಸುಬು. ಎರಡು ವರ್ಷದ ಹಿಂದೆ ಎಡಿಟಿಂಗ್‌ಗೆ ಅಂತ ಮನೆಯಲ್ಲೇ ಒಂದು ಪಿಸಿ ಜೋಡಿಸಿದ್ದೆ. ರೈಜೆನ್ 5 5600ಜಿ ಪ್ರೊಸೆಸರ್, ಬಿ450 ಬೋರ್ಡು, 16 ಜಿಬಿಯ ಎರಡು ರ‍್ಯಾಮ್ ಸ್ಟಿಕ್ (ಕೆಲಸ ಮಾಡುವಾಗ ಪಿಸಿ ಡೇಟಾ ಇಟ್ಟುಕೊಳ್ಳುವ ಮೆಮೊರಿ). ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ, ದುಡ್ಡು ಅಷ್ಟಕ್ಕೇ ಮುಗಿದಿತ್ತು. ರ‍್ಯಾಮ್ ಪೆಟ್ಟಿಗೆ ಮೇಲೆ ದಪ್ಪಕ್ಷರದಲ್ಲಿ 3200 ಅಂತ ಅದರ ವೇಗ ಬರೆದಿತ್ತು. ನಾನು ಅದನ್ನು ನಂಬಿ ಸುಮ್ಮನಿದ್ದೆ. ಏಪ್ರಿಲ್‌ನಲ್ಲಿ ಒಂದು ಬೆಳಗಾನ ಯಕ್ಷಗಾನ ಆಟದ ರೆಕಾರ್ಡಿಂಗ್ ಎಡಿಟ್ ಮಾಡುತ್ತಿದ್ದೆ. ಮೂರು ಕ್ಯಾಮೆರಾ, ಏಳು ಗಂಟೆಯ ಆಟ. ಟೈಮ್‌ಲೈನ್ ತಡವರಿಸುತ್ತಿತ್ತು. ಚಂಡೆ ಪೆಟ್ಟು ಮೊದಲು ಕೇಳುತ್ತದೆ, ವೇಷದ ಕುಣಿತ ಆಮೇಲೆ ಬರುತ್ತದೆ. ಟಾಸ್ಕ್ ಮ್ಯಾನೇಜರ್ ತೆರೆದು ಮೆಮೊರಿ ಅನ್ನುವಲ್ಲಿ ಸುಮ್ನೆ ಕಣ್ಣಾಡಿಸಿದೆ. ಸ್ಪೀಡ್: 2133.

ಎರಡು ವರ್ಷ 3200ರ ದುಡ್ಡು ಕೊಟ್ಟು 2133ರಲ್ಲಿ ಓಡಿಸಿದ್ದೆ!

ಇದು ಮೋಸ ಅಲ್ಲ, ವ್ಯವಸ್ಥೆಯೇ ಹಾಗಿದೆ. ಪ್ರತಿ ರ‍್ಯಾಮ್ ಸ್ಟಿಕ್ಕಿನ ಮೇಲೆ ಎಸ್‌ಪಿಡಿ ಅನ್ನುವ ಸಣ್ಣ ಚಿಪ್ ಇರುತ್ತದೆ. ಅದು ಸ್ಟಿಕ್ಕಿನ ಜಾತಕ. ಸ್ವಿಚ್ ಹಾಕಿದ ಕೂಡಲೇ ಮದರ್‌ಬೋರ್ಡ್ ಮೊದಲು ಓದುವುದು ಅದನ್ನು. ಅದರಲ್ಲಿ ಎರಡು ಬಗೆಯ ವಿವರ ಇರುತ್ತದೆ. ಒಂದು, ಜೆಡೆಕ್ ಅನ್ನುವ ಸಂಸ್ಥೆ ಎಲ್ಲ ಕಂಪನಿಗಳಿಗೂ ಗೊತ್ತುಮಾಡಿದ ಮಟ್ಟ. ಡಿಡಿಆರ್4 (ನನ್ನ ರ‍್ಯಾಮಿನ ಪೀಳಿಗೆ) ಆದರೆ 1.2 ವೋಲ್ಟ್, ವೇಗ 2133, 2400, 2666, ಹೀಗೆ 3200ವರೆಗೆ. ಇನ್ನೊಂದು, ಸ್ಟಿಕ್ ಮಾಡಿದ ಕಂಪನಿ ತಾನೇ ಪರೀಕ್ಷೆ ಮಾಡಿ ಬರೆದಿಟ್ಟ ಹೆಚ್ಚಿನ ವೇಗ. ಇಂಟೆಲ್ ಇದಕ್ಕೆ 2007ರಲ್ಲಿ, ಡಿಡಿಆರ್3 ಕಾಲದಲ್ಲಿ, ಎಕ್ಸ್‌ಎಂಪಿ ಅಂತ ಹೆಸರಿಟ್ಟಿತು. ಎಎಂಡಿಯವರು 2022ರಲ್ಲಿ ಡಿಡಿಆರ್5 ಜೊತೆ ಎಕ್ಸ್‌ಪೋ ಅಂತ ತಮ್ಮದೇ ಒಂದು ತಂದರು. ಕೆಲವು ಬೋರ್ಡುಗಳಲ್ಲಿ ಡಿಒಸಿಪಿ ಅಂತಲೂ ಇರುತ್ತದೆ. ಹೆಸರು ಯಾವುದಾದರೂ ಕೆಲಸ ಒಂದೇ.

ನನ್ನ ಸ್ಟಿಕ್ಕಿನ 3200 ಅನ್ನುವುದು ಈ ಎರಡನೇ ಬಗೆಯದು. 1.35 ವೋಲ್ಟ್, ಸಿಎಲ್ (ಡೇಟಾ ಕೇಳಿದ ಮೇಲೆ ಎಷ್ಟು ಗಡಿಯಾರ ಬಡಿತ ಕಾಯಬೇಕು ಅನ್ನುವ ಅಂಕಿ) 16. ಬೋರ್ಡಿಗೆ ನಾವಾಗಿ ಹೇಳುವವರೆಗೆ ಅದು ಆ ಸಾಲಿನ ಕಡೆ ತಿರುಗಿಯೂ ನೋಡುವುದಿಲ್ಲ. ಎಲ್ಲಿ ಇಟ್ಟರೂ ಏಳುವಂಥ 2133ರಲ್ಲೇ ಏಳುತ್ತದೆ. ಅದರ ದೃಷ್ಟಿಯಲ್ಲಿ ಸರಿಯೇ.

ಇಲ್ಲಿ ಒಂದು ಗೊಂದಲ ಬಿಡಿಸಿಬಿಡುತ್ತೇನೆ, ಯಾಕೆಂದರೆ ನನಗೆ ದಿನಕ್ಕೊಬ್ಬರು ಕೇಳುತ್ತಾರೆ. ಸಿಪಿಯು-ಝಡ್ ಅನ್ನುವ ಸಾಫ್ಟ್‌ವೇರಿನಲ್ಲಿ ನೋಡಿದರೆ 3200ರ ರ‍್ಯಾಮ್ 1600 ಅಂತ ತೋರಿಸುತ್ತದೆ. ಅರ್ಧ ಆಯಿತಲ್ಲ ಅಂತ ಹೆದರಬೇಡಿ. ಗಡಿಯಾರ ಬಡಿಯುವುದು 1600 ಮೆಗಾಹರ್ಟ್ಸ್, ಪ್ರತಿ ಬಡಿತಕ್ಕೆ ಎರಡು ಸಲ ಡೇಟಾ ಹೋಗುತ್ತದೆ. ಡಬಲ್ ಡೇಟಾ ರೇಟ್ ಅನ್ನುವ ಹೆಸರೇ ಅದಕ್ಕೆ. ಒಂದು ಸಲಕ್ಕೆ 8 ಬೈಟ್. ಹಾಗಾಗಿ 3200 ಅಂದರೆ ಒಂದು ಚಾನೆಲ್‌ಗೆ (ರ‍್ಯಾಮ್, ಪ್ರೊಸೆಸರ್ ನಡುವಿನ ಒಂದು ದಾರಿ) ಸೆಕೆಂಡಿಗೆ 25.6 ಜಿಬಿ, 2133 ಅಂದರೆ ಸುಮಾರು 17. ಎರಡು ಚಾನೆಲ್ ಇದ್ದರೆ ಎರಡರಷ್ಟು. ಸಿಎಲ್ ಲೆಕ್ಕವೂ ಹೀಗೇ. 3200ರಲ್ಲಿ ಸಿಎಲ್ 16 ಅಂದರೆ 10 ನ್ಯಾನೋಸೆಕೆಂಡ್ ಕಾಯಬೇಕು, 2133ರಲ್ಲಿ ಸಿಎಲ್ 15 ಅಂದರೆ 14. ಅಂಕಿ ಚಿಕ್ಕದಿದ್ದ ಮಾತ್ರಕ್ಕೆ ಬೇಗ ಅಂತಲ್ಲ.

ಎಲ್ಲರಿಗೂ ಇದರಿಂದ ಅಷ್ಟೇ ಲಾಭ ಆಗುತ್ತದೆ ಅಂತ ನಾನು ಹೇಳುವುದಿಲ್ಲ. ಬಿಲ್ ಬರೆಯುವ, ಟೈಪ್ ಮಾಡುವ ಪಿಸಿಗೆ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ನನ್ನದು ಹಾಗಲ್ಲ. 5600ಜಿಯ ಒಳಗಿನ ಗ್ರಾಫಿಕ್ಸಿಗೆ ಸ್ವಂತ ಮೆಮೊರಿ ಇಲ್ಲ, ಇದೇ ರ‍್ಯಾಮಿನಲ್ಲಿ ಪಾಲು ಕೇಳುತ್ತದೆ. ಒಂದೇ ಬಾವಿಗೆ ಎರಡು ಮನೆಯವರು ಕೊಡ ಇಳಿಸಿದ ಹಾಗೆ.

ಅವತ್ತೇ ಸಂಜೆ ಡಿಲೀಟ್ ಕೀ ಒತ್ತಿ ಬಯೋಸ್ ಒಳಗೆ ಹೋದೆ. ಎಕ್ಸ್‌ಎಂಪಿ ಪ್ರೊಫೈಲ್ 1 ಆನ್. ಎಫ್10 ಒತ್ತಿ ಸೇವ್. ಪರದೆ ಕಪ್ಪಾಯಿತು. ಫ್ಯಾನ್ ತಿರುಗಿತು, ನಿಂತಿತು, ಮತ್ತೆ ತಿರುಗಿತು. ಎದೆ ಧಸಕ್ಕೆಂದಿತು. ಹೊಸ ವೇಗಕ್ಕೆ ರ‍್ಯಾಮನ್ನು ಹೊಂದಿಸಿಕೊಳ್ಳುವ ತಾಲೀಮು ಅದು, ಟ್ರೈನಿಂಗ್ ಅಂತಾರೆ. ಆಗದಿದ್ದರೆ ಬೋರ್ಡು ಎರಡು ಮೂರು ಸಲ ನೋಡಿ ತಾನೇ ಹಳೆಯ ಸೆಟ್ಟಿಂಗಿಗೆ ಮರಳುತ್ತದೆ. ನನ್ನದು ಎರಡನೇ ಸಲಕ್ಕೇ ಎದ್ದಿತು. ನೇರ ವಿಂಡೋಸ್ ಬಂತು. ಟಾಸ್ಕ್ ಮ್ಯಾನೇಜರಿನಲ್ಲಿ 3200! ಟೈಮ್‌ಲೈನಿನಲ್ಲಿ ಚಂಡೆ, ಕುಣಿತ ಎರಡೂ ಒಟ್ಟಿಗೆ. ನಾನು ಗೆದ್ದೆ ಅಂತ ಮಲಗಿದೆ.

ತಪ್ಪಾದದ್ದು ಆ ‘ನೇರ ವಿಂಡೋಸ್ ಬಂತು’ ಅನ್ನುವಲ್ಲೇ. ಪಿಸಿ ಏಳುವುದು ಬೇರೆ, ರ‍್ಯಾಮ್ ಸರಿ ಇರುವುದು ಬೇರೆ. ನಾನು ಎರಡನ್ನೂ ಒಂದೇ ಅಂದುಕೊಂಡೆ.

ಆಮೇಲಿನ ತಿಂಗಳೊಂದರಲ್ಲಿ ಸಣ್ಣ ಪುಟ್ಟ ಸೂಚನೆ ಸಿಕ್ಕಿದ್ದವು. ಬ್ರೌಸರಿನ ಒಂದು ಟ್ಯಾಬ್ ಇದ್ದಕ್ಕಿದ್ದ ಹಾಗೆ ಸತ್ತಿತು. ಒಂದು ಝಿಪ್ ಫೈಲ್ ಬಿಚ್ಚಿಕೊಳ್ಳಲಿಲ್ಲ, ಮತ್ತೆ ಇಳಿಸಿಕೊಂಡಾಗ ಬಿಚ್ಚಿಕೊಂಡಿತು. ಒಮ್ಮೆ ನೀಲಿ ಪರದೆ, ಕೆಳಗೆ ‘ಮೆಮೊರಿ ಮ್ಯಾನೇಜ್‌ಮೆಂಟ್’ ಅನ್ನುವ ಸಾಲು. ಇಷ್ಟು ಸ್ಪಷ್ಟವಾಗಿ ಬರೆದು ತೋರಿಸಿದರೂ ನಾನು ಯಾವುದೋ ಅಪ್‌ಡೇಟ್ ಮೇಲೆ ತಪ್ಪು ಹಾಕಿದೆ. ಇದೇ ದಿನಗಳಲ್ಲಿ ಉಪನಯನದ ಫೋಟೋಗಳು ಕಾರ್ಡಿನಿಂದ ಡಿಸ್ಕಿಗೆ ಹೋದವು. ಹೋಗುವ ದಾರಿ ರ‍್ಯಾಮಿನ ಮೂಲಕವೇ ಅಲ್ವಾ. ಮೊದಲ ಪ್ರತಿಯಲ್ಲೇ ತಪ್ಪು ಸೇರಿತು. ಬ್ಯಾಕಪ್ ತೆಗೆದದ್ದು ಆ ತಪ್ಪು ಪ್ರತಿಯಿಂದ. ಜೆಪಿಜಿ ಫೈಲಿನಲ್ಲಿ ಒಂದು ಬಿಟ್ (ಒಂದು 0 ಅಥವಾ 1) ಅದಲುಬದಲಾದರೂ ಸಾಕು, ಅಲ್ಲಿಂದ ಮುಂದಿನ ಚಿತ್ರ ಹೋಗಬಹುದು. ವೀಡಿಯೋದಲ್ಲಾದರೆ ಎಲ್ಲೋ ಒಂದು ಚೌಕ ಮಿಂಚಿ ಮಾಯ, ಯಾರ ಕಣ್ಣಿಗೂ ಬೀಳುವುದಿಲ್ಲ.

ಮೊದಲು ಅನುಮಾನ ಹುಟ್ಟಿದ್ದು ಹೀಗೆ. ಯಕ್ಷಗಾನದ 48 ಜಿಬಿಯ ಒಂದು ಫೈಲ್ ಇತ್ತು. ವಿಂಡೋಸಿನಲ್ಲಿ ಸರ್ಟ್‌ಯುಟಿಲ್ ಅನ್ನುವ ಕಮಾಂಡ್ ಇದೆ, ಫೈಲಿನ ಬೆರಳಚ್ಚು ತೆಗೆದುಕೊಡುತ್ತದೆ. ಶಾ256 ಅಂತ ಅರವತ್ನಾಲ್ಕು ಅಕ್ಷರದ ಒಂದು ಸಾಲು. ಫೈಲಿನಲ್ಲಿ ಒಂದು ಬಿಟ್ ಬದಲಾದರೂ ಸಾಲು ಪೂರ್ತಿ ಬೇರೆಯಾಗುತ್ತದೆ. ಒಂದೇ ಫೈಲಿಗೆ ಮೂರು ಸಲ ತೆಗೆದೆ. ಒಂದನೆಯದು, ಮೂರನೆಯದು ಒಂದೇ. ಎರಡನೆಯದು ಬೇರೆ! ಫೈಲನ್ನು ಯಾರೂ ಮುಟ್ಟಿಲ್ಲ. ಡಿಸ್ಕಿನಿಂದ ಓದುವ ದಾರಿಯಲ್ಲೇ ಏನೋ ಕಳೆದುಹೋಗುತ್ತಿದೆ. ಅವತ್ತು ಕೇಬಲ್ ಅಂಗಡಿಗೆ ಹೋಗುವುದನ್ನು ನಿಲ್ಲಿಸಿದೆ.

ಮೆಮ್‌ಟೆಸ್ಟ್86 ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ. ಪೆನ್‌ಡ್ರೈವಿಗೆ ಹಾಕಿಕೊಂಡು ಅದರಿಂದಲೇ ಪಿಸಿ ಬೂಟ್ ಮಾಡಬೇಕು. ವಿಂಡೋಸ್ ಬರುವುದೇ ಇಲ್ಲ, ಹಾಗಾಗಿ ರ‍್ಯಾಮ್ ಎಷ್ಟೇ ಕೆಟ್ಟಿದ್ದರೂ ಡಿಸ್ಕಿನ ಮೇಲೆ ತಪ್ಪು ಬರೆಯುವ ಭಯ ಇಲ್ಲ. ಉಚಿತ ಆವೃತ್ತಿ ನಾಲ್ಕು ಸುತ್ತು ಓಡುತ್ತದೆ. (ಕೊನೆಯಲ್ಲಿ ಪ್ಲಸ್ ಗುರುತು ಇರುವ ಮೆಮ್‌ಟೆಸ್ಟ್86+ ಬೇರೆಯದು, ಓಪನ್ ಸೋರ್ಸ್. ಅದೂ ಒಳ್ಳೆಯದೇ.) 32 ಜಿಬಿಗೆ ನನ್ನ ಪಿಸಿಯಲ್ಲಿ ರಾತ್ರಿ ಪೂರ್ತಿ ಬೇಕು. ಜೂನ್ ತಿಂಗಳ ಶಿರಸಿಯಲ್ಲಿ ರಾತ್ರಿ ಪೂರ್ತಿ ಕರೆಂಟ್ ಇರಬೇಕು ಅನ್ನುವುದು ದೊಡ್ಡ ಆಸೆ. ಮೊದಲ ದಿನ ಎರಡನೇ ಸುತ್ತಿಗೆ ಬರುವಷ್ಟರಲ್ಲಿ ಎಲ್ಲೋ ಮರ ಬಿತ್ತು, ಕರೆಂಟ್ ಹೋಯಿತು. ಇನ್ವರ್ಟರ್ ಕಿಂಯ್ಯೆಂದು ಒಂದು ಗಂಟೆ ಎಳೆಯಿತು, ಆಮೇಲೆ ಅದೂ ಮಲಗಿತು. ಮರುದಿನ ಮತ್ತೆ ಮೊದಲಿನಿಂದ.

ಎರಡನೇ ರಾತ್ರಿ ಎರಡೂವರೆಗೆ ಎಚ್ಚರವಾಗಿ ಎದ್ದು ನೋಡಿದೆ. ಪರದೆಯ ಕೆಳಗೆ ಕೆಂಪು ಸಾಲು. ಒಟ್ಟು ಐದು ತಪ್ಪು. ಇರಬೇಕಾದದ್ದು ಏನು, ಇರುವುದು ಏನು ಅಂತ ಎರಡೂ ಬರೆದಿರುತ್ತದೆ. ಒಂದು ಸಾಲಿನಲ್ಲಿ ಎಂಟು ‘ಎಫ್’ ಇರಬೇಕಾಗಿತ್ತು. ಏಳು ಎಫ್ ಸರಿ ಇದ್ದವು, ಕೊನೆಯದು ‘ಬಿ’ ಆಗಿತ್ತು. ಕಂಪ್ಯೂಟರ್ ಲೆಕ್ಕದಲ್ಲಿ ಎಫ್ ಅಂದರೆ 1111, ಬಿ ಅಂದರೆ 1011. ಒಂದೇ ಒಂದು 1 ಇದ್ದದ್ದು 0 ಆಗಿದೆ. ಅಷ್ಟೇ. ಕೋಟಿಗಟ್ಟಲೆ ಸಲ ಬರೆದು ಓದಿದ್ದರಲ್ಲಿ ಒಂದು. ಆ ಒಂದು ಆ ಹೆಂಗಸಿನ ಕೈ ಮೇಲೆ ಬಿದ್ದಿತ್ತು.

ಆಯಿ ನೀರು ಕುಡಿಯಲು ಎದ್ದವಳು ಬಾಗಿಲಲ್ಲಿ ನಿಂತಳು. “ಎಂತಕ್ಕೆ ಇಷ್ಟೊತ್ತಿಗೆ ಕೂತ್ಗಂಡಿದ್ದೆ? ಎಂತ ಆತು?”

“ಒಂದು ಸೊನ್ನೆ ತಪ್ಪಿ ಬಿತ್ತು ಆಯಿ.”

“ಬ್ಯಾಂಕಿಂದ್ದಾ?” ಅಂದಳು. ಪಾಪ, ಅವಳಿಗೆ ನಿದ್ದೆ ಹಾರಿಹೋಯಿತು.

ರ‍್ಯಾಮಿನ ಒಳಗೆ ಒಂದೊಂದು ಬಿಟ್ಟೂ ಒಂದು ಚೂರು ವಿದ್ಯುತ್ ತುಂಬಿದ ಪುಟ್ಟ ಗಡಿಗೆ ಇದ್ದ ಹಾಗೆ. ಎಲ್ಲ ಗಡಿಗೆಗಳೂ ತಳ ಸೋರುವಂಥವೇ. ಅದಕ್ಕಾಗಿ 64 ಮಿಲಿಸೆಕೆಂಡಿಗೆ ಒಮ್ಮೆ ಪ್ರತಿ ಸಾಲನ್ನೂ ಓದಿ ಮತ್ತೆ ತುಂಬುತ್ತಾರೆ. ಬಿಸಿ ಹೆಚ್ಚಾದ ಹಾಗೆ ಸೋರಿಕೆಯೂ ಜಾಸ್ತಿ. ಚಿಪ್ಪಿನ ಬಿಸಿ 85 ಡಿಗ್ರಿ ದಾಟಿದರೆ 32 ಮಿಲಿಸೆಕೆಂಡಿಗೊಮ್ಮೆ ತುಂಬಬೇಕು ಅಂತ ಜೆಡೆಕ್ ನಿಯಮವೇ ಇದೆ. ತುಂಬಿದ್ದು ಸರಿ ಇದ್ದರೂ ಚಿಪ್ಪಿನಿಂದ ಪ್ರೊಸೆಸರಿಗೆ ಬರುವ ದಾರಿಯಲ್ಲಿ ಸಿಗ್ನಲ್ ಕಲಸಿಹೋಗಬಹುದು. ವೇಗ ಏರಿಸಿದಷ್ಟೂ ಒಂದು ಬಿಟ್ ಓದಲು ಸಿಗುವ ಸಮಯ ಕಡಿಮೆ. 3200ರಲ್ಲಿ ಅದು ಒಂದು ನ್ಯಾನೋಸೆಕೆಂಡಿನ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ.

ಇಲ್ಲಿ ನಾನು ಇನ್ನೊಂದು ತಪ್ಪು ಮಾಡಿದೆ. ‘ವೋಲ್ಟೇಜ್ ಸ್ವಲ್ಪ ಏರಿಸಿದರೆ ಸರಿ ಹೋಗ್ತದೆ’ ಅಂತ ಒಬ್ಬ ಗೆಳೆಯ ಹೇಳಿದ. ಸ್ಟಿಕ್ಕಿನ ಚೀಟಿಯಲ್ಲಿ 1.35 ಅಂತ ಇರುವುದನ್ನು 1.38 ಮಾಡಿದೆ. ಮತ್ತೊಂದು ರಾತ್ರಿ. ಐದು ಇದ್ದ ತಪ್ಪು ಒಂದಕ್ಕಿಳಿಯಿತು. ಗೆಳೆಯನಿಗೆ ಸಂತೋಷ. “ಒಂದೇ ಅಲ್ಲೇನೋ, ನಡೀತದೆ ಬಿಡು.” ನಡೆಯುವುದಿಲ್ಲ. ಸೊನ್ನೆಗೆ ಬಾರದ ಹೊರತು ಆ ರ‍್ಯಾಮಿನ ಮೇಲೆ ಇನ್ನೊಬ್ಬರ ಮನೆ ಫೋಟೋ ಹಾದುಹೋಗಬಾರದು. ಕಾರಣ ಗೊತ್ತಿಲ್ಲದೆ ವೋಲ್ಟೇಜ್ ಏರಿಸುವುದು ಜ್ವರಕ್ಕೆ ಕಾರಣ ಹುಡುಕದೆ ಮಾತ್ರೆ ನುಂಗಿದ ಹಾಗೆ ಅಂತ ಆಮೇಲೆ ಅನಿಸಿತು. ಮತ್ತೆ 1.35ಕ್ಕೆ ಇಳಿಸಿದೆ.

ಕಾರಣ ಸಿಕ್ಕಿದ್ದು ಎಲ್ಲಿ ಅಂತೀರಿ? ಬೋರ್ಡಿನ ಪೆಟ್ಟಿಗೆಯಲ್ಲೇ ಇದ್ದ, ನಾನು ಎರಡು ವರ್ಷ ಬಿಚ್ಚಿಯೂ ನೋಡದ ಪುಸ್ತಕದಲ್ಲಿ. ಮಳೆಗೆ ಅದರ ಹಾಳೆಗಳು ಬೂಸಲು ಹಿಡಿದು ಒಂದಕ್ಕೊಂದು ಅಂಟಿದ್ದವು. ಬೋರ್ಡಿನಲ್ಲಿ ನಾಲ್ಕು ಸ್ಲಾಟ್. ಪ್ರೊಸೆಸರ್ ಕಡೆಯಿಂದ ಎಣಿಸಿದರೆ ಎ1, ಎ2, ಬಿ1, ಬಿ2. ಎರಡೇ ಸ್ಟಿಕ್ ಇದ್ದರೆ ಎ2, ಬಿ2ಗೆ ಹಾಕಿ ಅಂತ ಚಿತ್ರ ಬಿಡಿಸಿ ಹೇಳಿದ್ದಾರೆ. ಅಂದರೆ ಎರಡನೆಯದು ಮತ್ತು ನಾಲ್ಕನೆಯದು. ನಾನು ಹಾಕಿದ್ದು ಒಂದು ಮತ್ತು ಮೂರಕ್ಕೆ. ಪ್ರೊಸೆಸರಿಗೆ ಹತ್ತಿರ ಇದ್ದರೆ ಒಳ್ಳೆಯದು ಅನ್ನುವ ನನ್ನದೇ ತರ್ಕ.

ಎರಡೂ ಬಗೆಯಲ್ಲಿ ಡ್ಯುಯಲ್ ಚಾನೆಲ್ ಆಗುತ್ತದೆ, 2133ರಲ್ಲಿ ಏನೂ ವ್ಯತ್ಯಾಸ ಕಾಣುವುದಿಲ್ಲ. ಆದರೆ ಇಂಥ ಬೋರ್ಡಿನಲ್ಲಿ ತಾಮ್ರದ ಗೆರೆ ಪ್ರೊಸೆಸರಿನಿಂದ ಹೊರಟು ಮೊದಲು ಎ1 ಮುಟ್ಟಿ, ಅಲ್ಲಿಂದ ಮುಂದೆ ಎ2ಗೆ ಹೋಗಿ ಮುಗಿಯುತ್ತದೆ. ಸ್ಟಿಕ್ ಎ1ರಲ್ಲಿದ್ದರೆ ಎ2ವರೆಗಿನ ಗೆರೆಯ ತುಂಡು ಖಾಲಿ ನೇತಾಡುತ್ತಿರುತ್ತದೆ. ಸಿಗ್ನಲ್ ಅಲ್ಲಿಯವರೆಗೂ ಹೋಗಿ, ತುದಿಗೆ ಬಡಿದು ವಾಪಸ್ ಬರುತ್ತದೆ. ತೋಟದ ಸ್ಪ್ರಿಂಕ್ಲರ್ ಪೈಪಿನ ಕೊನೆಗೆ ಬಿರಡೆ ಹಾಕಿ ಪಂಪ್ ಶುರು ಮಾಡಿದಾಗ ನೀರು ತುದಿಗೆ ಗುದ್ದಿ ಪೈಪ್ ನಡುಗುತ್ತದಲ್ಲ, ಹಾಗೆ. ಆ ವಾಪಸ್ ಬಂದ ಅಲೆ ಮುಂದಿನ ಬಿಟ್ ಮೇಲೆ ಬೀಳುತ್ತದೆ. ನಿಧಾನಕ್ಕೆ ಓಡುವಾಗ ಅಲೆ ತಣ್ಣಗಾಗಲು ಸಮಯ ಇರುತ್ತದೆ. 3200ರಲ್ಲಿ ಇರುವುದಿಲ್ಲ. ಸ್ಟಿಕ್ ಕೊನೆಯ ಸ್ಲಾಟಿನಲ್ಲಿದ್ದರೆ ಖಾಲಿ ತುಂಡೇ ಉಳಿಯುವುದಿಲ್ಲ.

ವೈರ್ ತೆಗೆದು, ಕ್ಯಾಬಿನೆಟ್ಟಿನ ಕಬ್ಬಿಣ ಮುಟ್ಟಿ, ಎರಡೂ ಸ್ಟಿಕ್ ತೆಗೆದು ಒಂದೊಂದು ಮನೆ ಆಚೆ ಹಾಕಿದೆ. ಕಟ್ ಅಂತ ಸದ್ದಾಯಿತು. ಖರ್ಚು ಸೊನ್ನೆ. ಆ ರಾತ್ರಿ 3200, 1.35 ವೋಲ್ಟ್, ನಾಲ್ಕು ಸುತ್ತು. ತಪ್ಪೂ ಸೊನ್ನೆ.

ನಂಬಿಕೆ ಬರಲಿಲ್ಲ. ಇನ್ನೊಂದು ರಾತ್ರಿ ಓಡಿಸಿದೆ. ಆಮೇಲೆ ವಿಂಡೋಸ್ ಒಳಗಿಂದ ಟೆಸ್ಟ್‌ಮೆಮ್5 ಅನ್ನುವ ಇನ್ನೊಂದು ಪರೀಕ್ಷೆ ಒಂದೆರಡು ಗಂಟೆ. ಮೆಮ್‌ಟೆಸ್ಟ್ ಓಡುವಾಗ ಗ್ರಾಫಿಕ್ಸ್ ಸುಮ್ಮನಿರುತ್ತದೆ, ಕ್ಯಾಬಿನೆಟ್ ತಣ್ಣಗಿರುತ್ತದೆ. ನಿಜವಾದ ಕೆಲಸದ ದಿನ ಹಾಗಿರುವುದಿಲ್ಲ. ಹಾಗಾಗಿ ಸಂಜೆವರೆಗೆ ರೆಂಡರ್ ಮಾಡಿ ಪಿಸಿ ಚೆನ್ನಾಗಿ ಕಾದ ಮೇಲೆ ಪರೀಕ್ಷೆ ಹಚ್ಚಿದೆ. 48 ಜಿಬಿ ಫೈಲಿನ ಬೆರಳಚ್ಚು ಹತ್ತು ಸಲ ತೆಗೆದೆ. ಹತ್ತೂ ಒಂದೇ. ಆದರೂ ಇವೆಲ್ಲ ಮಳೆಗಾಲದ ಪರೀಕ್ಷೆ. ಏಪ್ರಿಲ್ ಸೆಕೆಯಲ್ಲಿ ಇನ್ನೊಂದು ಸಲ ಓಡಿಸುವವರೆಗೆ ನನಗೆ ಪೂರ್ತಿ ಸಮಾಧಾನ ಇಲ್ಲ.

ಈಗ ಯಾರಾದರೂ ಕೇಳಿದರೆ ನಾನು ಹೇಳುವುದು ಒಂದೇ. ಎಕ್ಸ್‌ಎಂಪಿ ಆನ್ ಮಾಡಿ, ಖಂಡಿತ ಮಾಡಿ, ಕೊಟ್ಟ ದುಡ್ಡು ನಿಮ್ಮದು. ಆದರೆ ಎಫ್10 ಒತ್ತಿದ ಮೇಲೆ ಪಿಸಿ ಮೊದಲು ಹೋಗಬೇಕಾದದ್ದು ಪೆನ್‌ಡ್ರೈವಿಗೆ, ವಿಂಡೋಸಿಗಲ್ಲ. ಪೆನ್‌ಡ್ರೈವ್ ಚುಚ್ಚಿಟ್ಟುಕೊಂಡೇ ಬಯೋಸ್ ಒಳಗೆ ಹೋಗಿ. ಬ್ಯಾಕಪ್ ಅದಕ್ಕೂ ಮೊದಲು, ಹಳೆಯ ವೇಗದಲ್ಲೇ ತೆಗೆಯಿರಿ. ಹೊಸ ವೇಗದಲ್ಲಿ ತೆಗೆದ ಬ್ಯಾಕಪ್ಪಿನ ಕಥೆ ಮೇಲೆ ಹೇಳಿದೆನಲ್ಲ. ಸೊನ್ನೆ ತಪ್ಪು ಬಾರದಿದ್ದರೆ ವೋಲ್ಟೇಜಿಗೆ ಕೈ ಹಾಕುವ ಬದಲು 2933ಕ್ಕೋ 2666ಕ್ಕೋ ಇಳಿಸಿ. ನನ್ನಂಥವನಿಗೂ ಆ ವ್ಯತ್ಯಾಸ ಕಣ್ಣಿಗೆ ಬೀಳುವುದು ಕಷ್ಟ.

ಬಯೋಸ್ ಅಪ್‌ಡೇಟ್ ಮಾಡಿದರೆ ರ‍್ಯಾಮ್ ಹೊಂದಾಣಿಕೆ ಸುಧಾರಿಸುತ್ತದೆ ಅಂತ ಹೇಳುತ್ತಾರೆ, ಅದು ಹೌದು. ಆದರೆ ನಮ್ಮ ಕಡೆ ಆಷಾಢದ ಮಳೆಯಲ್ಲಿ ಯುಪಿಎಸ್ ಇಲ್ಲದೆ ಆ ಕೆಲಸಕ್ಕೆ ಹೋಗಬೇಡಿ. ಅರ್ಧಕ್ಕೆ ಕರೆಂಟ್ ಹೋದರೆ ಬೋರ್ಡೇ ಹೋಗಬಹುದು. ನಾನು ನವರಾತ್ರಿ ಕಳೆದ ಮೇಲೆ ಮಾಡಿದೆ.

ಪಿಸಿ ಏಳದೇ ಹೋದರೂ ಗಾಬರಿ ಬೇಡ. ಬೋರ್ಡಿನ ಮೇಲಿನ ನಾಣ್ಯದಂಥ ಸಿಆರ್2032 ಬ್ಯಾಟರಿಯನ್ನು ಪ್ಲಗ್ ಕಿತ್ತು ಐದು ನಿಮಿಷ ತೆಗೆದಿಟ್ಟು ಹಾಕಿದರೆ ಸಾಮಾನ್ಯವಾಗಿ ಸೆಟ್ಟಿಂಗ್ ಎಲ್ಲ ಮೊದಲಿನ ಹಾಗೆ ಆಗುತ್ತದೆ. ಡಿಡಿಆರ್5 ಇರುವವರಿಗೆ ಇನ್ನೊಂದು ಮಾತು. ಅದರ ಮೊದಲ ಟ್ರೈನಿಂಗ್ ಕೆಲವು ಬೋರ್ಡುಗಳಲ್ಲಿ ಹಲವು ನಿಮಿಷ ಹಿಡಿಯುತ್ತದೆ. ಪಕ್ಕದ ಮನೆ ಹುಡುಗ ಕಪ್ಪು ಪರದೆ ನೋಡಿ ಮೂರು ಸಲ ಸ್ವಿಚ್ ಆರಿಸಿ, ಅಳುಮೋರೆ ಹಾಕಿಕೊಂಡು ನಮ್ಮನೆಗೆ ಓಡಿಬಂದಿದ್ದ. ಕೂತು ಒಂದು ಲೋಟ ಕಷಾಯ ಕುಡಿ ಅಂದೆ. ಕುಡಿದು ಮನೆಗೆ ಹೋಗುವಷ್ಟರಲ್ಲಿ ಎದ್ದಿತ್ತು. ಅವನದು ರೈಜೆನ್ 7000 ಸರಣಿ. ಅದರಲ್ಲಿ 2023ರಲ್ಲಿ ಕೆಲವು ಪ್ರೊಸೆಸರುಗಳು ಸುಟ್ಟೇ ಹೋಗಿದ್ದವು. ಎಕ್ಸ್‌ಪೋ ಆನ್ ಮಾಡಿದಾಗ ಕೆಲವು ಬೋರ್ಡುಗಳು ಎಸ್‌ಒಸಿ ವೋಲ್ಟೇಜನ್ನು (ಪ್ರೊಸೆಸರಿನೊಳಗೆ ಮೆಮೊರಿ ನೋಡಿಕೊಳ್ಳುವ ಭಾಗದ್ದು) ತಾವಾಗಿಯೇ ಮೇಲೆ ಏರಿಸಿಬಿಡುತ್ತಿದ್ದವು. ಆಮೇಲೆ ಎಎಂಡಿ ಹೊಸ ಬಯೋಸ್ ಮೂಲಕ ಅದನ್ನು 1.3ಕ್ಕೆ ಮಿತಿ ಮಾಡಿತು. ಅಂಥ ಪಿಸಿ ಇದ್ದರೆ ಮೊದಲು ಬಯೋಸ್ ಅಪ್‌ಡೇಟ್, ಆಮೇಲೆ ಎಕ್ಸ್‌ಪೋ.

ಆ ಉಪನಯನದ ಮನೆಯವರಿಗೆ ನಾನು ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ರ‍್ಯಾಮ್, ಸ್ಲಾಟ್ ಏನೂ ವಿವರಿಸಲಿಲ್ಲ. ಫೋಟೋ ಹಾಳಾಯಿತು, ನನ್ನ ತಪ್ಪು ಅಂದೆ. ಅವರು ಬೈಯಲಿಲ್ಲ, ಅದೇ ಕಷ್ಟವಾಯಿತು. ಮಾಣಿಯ ಚಿಕ್ಕಪ್ಪನ ಮೊಬೈಲಿನಲ್ಲಿ ಅದೇ ಗಳಿಗೆಯ ಒಂದು ಫೋಟೋ ಇತ್ತು. ಪುರೋಹಿತರ ಭುಜ ಅಡ್ಡ ಬಂದಿದೆ, ಸ್ವಲ್ಪ ಮಸುಕು. ಅದನ್ನೇ ಚಿಕ್ಕದಾಗಿ ಹಾಕಿ ಆಲ್ಬಮ್ ಮುಗಿಸಿದೆ. ಆ ಪುಟದ ದುಡ್ಡು ತೆಗೆದುಕೊಳ್ಳಲಿಲ್ಲ.

ಶ್ರಾವಣದಲ್ಲಿ ಕಾರವಾರಕ್ಕೆ ಅಕ್ಕನ ಮನೆಗೆ ಹೋಗಿದ್ದೆ. ದೇವಿಮನೆ ಘಟ್ಟ ಇಳಿದು, ಕುಮಟಾ, ಅಂಕೋಲಾ ದಾಟಿ ಹೋಗುವಷ್ಟರಲ್ಲಿ ಸಂಜೆ. ಭಾವನಿಗೆ ಅಲ್ಲಿ ಝೆರಾಕ್ಸ್, ಡಿಟಿಪಿ ಅಂಗಡಿ, ಸಮುದ್ರದಿಂದ ಕೂಗಳತೆ ದೂರ. ನನ್ನ ಕಥೆ ಅಕ್ಕನ ಕಡೆಯಿಂದ ಮುಟ್ಟಿತ್ತು. ಚಹಾ ಮುಗಿಯುವ ಮೊದಲೇ ಅಂಗಡಿಗೆ ಕರೆದುಕೊಂಡು ಹೋದ. ಅವನ ಪಿಸಿಯಲ್ಲಿ ಹಳೆಯ 2666ರ ಎರಡು ಸ್ಟಿಕ್ ಇದ್ದವು, ಜೊತೆಗೆ 3200ರ ಎರಡು ಹೊಸತು ಹಾಕಿಸಿದ್ದ. ಎಲ್ಲವೂ 2666ರಲ್ಲಿ ಓಡುತ್ತಿದ್ದವು. ಅದಕ್ಕಿಂತ ದೊಡ್ಡ ತೊಂದರೆ, ಮಳೆಗಾಲ ಶುರುವಾದ ಮೇಲೆ ಮೂರು ದಿನಕ್ಕೊಮ್ಮೆ ಪಿಸಿ ಏಳುವುದಿಲ್ಲ, ಬೀಪ್ ಬೀಪ್ ಅನ್ನುತ್ತದೆ. “ರ‍್ಯಾಮ್ ತೆಗೆದು ಒತ್ತಿದ್ರೆ ಸರಿ ಆಗ್ತು,” ಅಂದ ಭಾವ.

ಮುಚ್ಚಳ ತೆಗೆದೆ. ಕ್ಯಾಬಿನೆಟ್ಟಿನ ತಿರುಪುಗಳೆಲ್ಲ ತುಕ್ಕು. ಕಡಲ ಗಾಳಿಯ ಉಪ್ಪು ಎಲ್ಲಿಗೂ ನುಗ್ಗುತ್ತದೆ. ಸ್ಟಿಕ್ಕಿನ ಬುಡದ ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಅಲ್ಲಲ್ಲಿ ಮಂಕು ಚುಕ್ಕೆ, ಎರಡು ಕಡೆ ಹಸಿರು ಕಿಲುಬು. ಚಿನ್ನದ ಲೇಪ ಬಹಳ ತೆಳು, ಅದರ ಸಣ್ಣ ರಂಧ್ರಗಳಲ್ಲಿ ಉಪ್ಪು, ತೇವ ಇಳಿದರೆ ಒಳಗಿನ ತಾಮ್ರ ಕಿಲುಬುತ್ತದೆ. ಶಾಲೆಯ ರಬ್ಬರಿನಿಂದ ಉಜ್ಜುವವರಿದ್ದಾರೆ. ನಾನು ತೀರಾ ಹಗುರಕ್ಕೆ ಒಮ್ಮೆ ಉಜ್ಜಿ, ಪುಡಿ ಒರೆಸಿ, ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯಿಂದ ಒರೆಸಿದೆ. ಜೋರಾಗಿ ಉಜ್ಜಿದರೆ ಇರುವ ಚಿನ್ನವೂ ಹೋಗುತ್ತದೆ. ಪಿಸಿ ಒಂದೇ ಸಲಕ್ಕೆ ಎದ್ದಿತು.

ಭಾವನಿಗೆ ಅದು ಸಾಲಲಿಲ್ಲ. “ಇದ್ರ 3200 ಮಾಡು. ದುಡ್ಡು ಕೊಟ್ಟಿದ್ದು 3200ಕ್ಕೆ ಅಲ್ದಾ?”

ಆಗುವುದಿಲ್ಲ. ನಾಲ್ಕು ಸ್ಟಿಕ್ ಒಟ್ಟಿಗೆ ಇದ್ದರೆ ಎಲ್ಲವೂ ಒಂದೇ ವೇಗದಲ್ಲಿ ಓಡಬೇಕು, ಅದು ನಿಧಾನದ್ದರ ವೇಗ. ಸಂತೆಗೆ ಹೊರಟ ಗುಂಪಿನಲ್ಲಿ ಅಜ್ಜ ಇದ್ದರೆ ಎಲ್ಲರದ್ದೂ ಅಜ್ಜನ ನಡಿಗೆಯೇ. ಹಳೆಯ ಎರಡನ್ನು ತೆಗೆದು ಹಾಕಿದರೂ ಪ್ರಯೋಜನ ಇಲ್ಲ. ಅವನದು ಐ5-10400 ಪ್ರೊಸೆಸರ್, ಬಿ460 ಬೋರ್ಡು. ಆ ಪ್ರೊಸೆಸರಿಗೆ ಇಂಟೆಲ್ ಹೇಳಿರುವುದೇ 2666. ಅದರ ಮೇಲೆ ಹೋಗಲು ಬಿ460 ಬಿಡುವುದಿಲ್ಲ. ಮುಂದಿನ ಬಿ560ರಲ್ಲಿ ಆ ಬಾಗಿಲು ತೆರೆದರು. ಪೆಟ್ಟಿಗೆ ಮೇಲೆ 3200 ಅಂತ ಬರೆದದ್ದು ಸ್ಟಿಕ್ಕಿನ ಮಾತು ಮಾತ್ರ. ಪ್ರೊಸೆಸರ್, ಬೋರ್ಡು ಎರಡೂ ಹೂಂ ಅನ್ನಬೇಕು. ಹೊಸ ಪಿಸಿಗಳಲ್ಲೂ ಇದೇ ಕಥೆ. ರೈಜೆನ್ 7000ಕ್ಕೆ ಎರಡು ಸ್ಟಿಕ್ ಹಾಕಿದರೆ ಎಎಂಡಿ 5200 ಅನ್ನುತ್ತದೆ, ನಾಲ್ಕು ಹಾಕಿದರೆ ಅದೇ ಎಎಂಡಿ 3600ಕ್ಕೆ ಇಳಿಯುತ್ತದೆ.

ಭಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಬಿಲ್ ಹುಡುಕಿದ. ವಾಪಸ್ ಕೊಡುವ ದಿನ ಕಳೆದಿತ್ತು. ಇರಲಿ, ಸ್ಟಿಕ್ ಕೆಟ್ಟದ್ದೇನಲ್ಲ, 2666ರಲ್ಲಿ ಆರಾಮಾಗಿ ಇರುತ್ತದೆ, ನಿನ್ನ ಮದುವೆ ಕಾಗದಕ್ಕೆ ಅಷ್ಟು ಸಾಕು ಅಂದೆ. ನನ್ನ ಪೆನ್‌ಡ್ರೈವ್ ಹಾಕಿ, ಮೆಮ್‌ಟೆಸ್ಟ್ ಹಚ್ಚಿ, ಶಟರ್ ಎಳೆದು ಊಟಕ್ಕೆ ಹೋದೆವು.

ಮರುದಿನ ಬೆಳಿಗ್ಗೆ ಆರೂವರೆಗೆ ಫೋನ್. ನಾನು ಇನ್ನೂ ಅಕ್ಕನ ಮನೆ ಹಾಸಿಗೆಯಲ್ಲೇ ಇದ್ದೆ, ಭಾವ ಆಗಲೇ ಅಂಗಡಿಗೆ ಹೋಗಿದ್ದ.

“ಹಸಿರು ಬಣ್ಣದಲ್ಲಿ ದೊಡ್ಡಕೆ ಪಾಸು ಹೇಳಿ ಬಂಜು. ಇನ್ನು ಆಫ್ ಮಾಡ್ಲಕ್ಕಾ? ಒಬ್ರು ಆಧಾರ್ ಝೆರಾಕ್ಸಿಗೆ ಬಂದು ಕಾಯ್ತಾ ಇದ್ದ.”